ಅಕ್ಕ ಹೇಳದೆ ಹೋದದ್ದು

ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚುವುದು ಆಗದ ಕೆಲಸ. ಆ ತುದಿಗೊಬ್ಬರು, ಈ ತುದಿಗೊಬ್ಬರು ನಿಲ್ಲಬೇಕು. ಬಿಗಿಯಾಗಿ ಎಳೆದು, ನಡುವೆ ಒಂದು ಮಡಿಕೆ ಹಾಕಿ, ಒಬ್ಬರ ಕಡೆಗೆ ಇನ್ನೊಬ್ಬರು ನಡೆದು ಬರಬೇಕು. ಹಾಗೆ ಬಂದಾಗ ಕೈಗೆ ಕೈ ತಾಗುತ್ತದೆ.

ಆ ಲಾಂಡ್ರಿಯಲ್ಲಿ ಬಹಳ ವರ್ಷ ಅಕ್ಕತಂಗಿಯರೇ ಜೊತೆಯಾಗಿ ಮಡಚುತ್ತಿದ್ದರು. ತಂಗಿಯನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ಅಕ್ಕ. ಸಣ್ಣ ಮೈ, ಸುಮ್ಮನಿರದ ಬಾಯಿ. "ನಿನ್ನದು ಮಡಚೋದು ಕಡಿಮೆ, ಚಿಲಿಪಿಲಿ ಜಾಸ್ತಿ ಕಣೇ," ಎಂದು ಅಕ್ಕ ಬೈಯುತ್ತಿದ್ದಳು. ಗುಬ್ಬಿ ಒಂದು ದಿನ ಸುಮ್ಮನಿದ್ದರೆ ಮಾತ್ರ, "ಏನಾಯ್ತೇ ನಿನಗೆ?" ಎಂದು ಅವಳೇ ಕೆದಕುತ್ತಿದ್ದಳು.

ಈಗ ಅಕ್ಕ ಇಲ್ಲ. ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಆ ತುದಿಯಲ್ಲಿ ಈಗ ನಿಲ್ಲುವವಳು ತೊಳೆಯುವ ಯಂತ್ರ ನೋಡಿಕೊಳ್ಳುವ ದೊಡ್ಡಮ್ಮ. ಸಂಬಂಧದಲ್ಲಿ ಅವಳು ಯಾರಿಗೂ ದೊಡ್ಡಮ್ಮನಲ್ಲ, ಅಲ್ಲಿದ್ದವರಲ್ಲೆಲ್ಲ ಹಿರಿಯಳು, ಅಷ್ಟೇ. ಒಳ್ಳೆಯ ಹೆಂಗಸು. ಆದರೆ ಗುಬ್ಬಿ ಎಳೆಯುವಾಗ ಅವಳು ಸಡಿಲ ಬಿಡುತ್ತಾಳೆ, ಗುಬ್ಬಿ ನಡೆದು ಬರುವಾಗ ಅವಳು ನಿಂತಿರುತ್ತಾಳೆ. ಅಂಥ ಹೊತ್ತಿನಲ್ಲಿ ಗುಬ್ಬಿ, ಇಸ್ತ್ರಿಯ ಹಬೆ ಕಣ್ಣಿಗೆ ಹೊಡೆಯಿತು ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

ಅಕ್ಕನಿಗೆ ಆದದ್ದು ಗರ್ಭಕೊರಳಿನ ಕ್ಯಾನ್ಸರ್. ಗರ್ಭಕೋಶದ ಬಾಯಿಯ ಹತ್ತಿರ ಆಗುವಂಥದ್ದು. ಮುಟ್ಟು ನಿಂತು ಎಷ್ಟೋ ದಿನವಾದ ಮೇಲೆ ಅವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ವಾಸನೆಯ ಬಿಳಿಸೆರಗು ಹೋಗುತ್ತಿತ್ತು. ಯಾರಿಗೂ ತಿಳಿಯದಂತೆ ಎಲ್ಲರಿಗಿಂತ ಮೊದಲೇ ಬಂದು ತನ್ನ ಬಟ್ಟೆ ತೊಳೆದುಕೊಳ್ಳುತ್ತಿದ್ದಳು. ಸೊಂಟ ಹಿಡಿದುಕೊಂಡದ್ದು ಕಂಡು ಗುಬ್ಬಿ ಕೇಳಿದರೆ, "ದಿನವಿಡೀ ನಿಂತೇ ಇರ್ತೀವಲ್ಲ, ನೋಯದೆ ಇನ್ನೇನು?" ಎಂದು ನಕ್ಕುಬಿಡುತ್ತಿದ್ದಳು. ಆಸ್ಪತ್ರೆ ಮೆಟ್ಟಿಲು ಹತ್ತುವ ಹೊತ್ತಿಗೆ ರೋಗ ಮೈಯೆಲ್ಲ ಹರಡಿತ್ತು.

ಅಕ್ಕನ ಗಂಡ ಮೊದಲೇ ಹೋಗಿದ್ದ. ಮಗಳು ಪುಟ್ಟಿ ಈಗ ಗುಬ್ಬಿಯ ಮನೆಯಲ್ಲೇ ಇದ್ದಾಳೆ. ಅಮ್ಮನಿಗೆ ಏನಾಗಿತ್ತು ಎಂದು ಕೇಳಿದಾಗಲೆಲ್ಲ ಗುಬ್ಬಿಯದು ಒಂದೇ ಉತ್ತರ: "ಹೊಟ್ಟೇಲಿ ಗೆಡ್ಡೆ ಆಗಿತ್ತು ಮಗಾ." ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಟೀ ಕುಡಿಯುವ ಹೊತ್ತಿಗೆ, ದೊಡ್ಡಾಸ್ಪತ್ರೆಯಿಂದ ಒಬ್ಬ ನರ್ಸ್ ಲಾಂಡ್ರಿಗೆ ಬಂದಳು. ಬಟ್ಟೆ ಮೂಟೆಯ ಮೇಲೆಯೇ ಕುಳಿತು, ಎಲ್ಲರ ಜೊತೆ ಟೀ ಕುಡಿದು, ಆಸ್ಪತ್ರೆಯ ಒಂದು ಸಂಶೋಧನೆಗಾಗಿ ಬಂದಿದ್ದೇನೆ ಎಂದು ಮಾತು ತೆಗೆದಳು.

"ಗರ್ಭಕೊರಳಿನ ಕ್ಯಾನ್ಸರ್ ಒಂದೇ ದಿನಕ್ಕೆ ಬರೋದಲ್ಲ. ಎಚ್‌ಪಿವಿ ಅಂತ ಒಂದು ವೈರಸ್ ಇದೆ. ಗಂಡಹೆಂಡಿರ ಸೇರುವಿಕೆಯಿಂದ ಬರುತ್ತೆ. ತುಂಬ ಜನರಿಗೆ ಬಂದಿರುತ್ತೆ, ಹೆಚ್ಚಿನವರಿಗೆ ತಾನಾಗೇ ಹೋಗುತ್ತೆ. ಕೆಲವರಲ್ಲಿ ಉಳ್ಕೊಂಡು, ನಿಧಾನವಾಗಿ, ವರ್ಷಗಟ್ಟಲೆ ತಗೊಂಡು ಕ್ಯಾನ್ಸರ್ ಮಾಡುತ್ತೆ. ಆ ವರ್ಷಗಳೇ ನಮಗಿರೋ ಅವಕಾಶ. ಅಷ್ಟರೊಳಗೆ ಕಂಡುಹಿಡಿದ್ರೆ ಕ್ಯಾನ್ಸರ್ ಆಗೋ ಮೊದಲೇ ತಡೀಬಹುದು."

ದೊಡ್ಡಮ್ಮ ಮೂಗು ಮುರಿದಳು. "ಮೊಮ್ಮಕ್ಕಳನ್ನ ಕಂಡಾಯ್ತು. ಈ ವಯಸ್ಸಲ್ಲಿ ನಾನು ಪರೀಕ್ಷೆ ಅಂತ ಆಸ್ಪತ್ರೆ ಮಂಚದ ಮೇಲೆ ಹತ್ತಿ ಮಲಗ್ಬೇಕಾ? ಬಿಡಮ್ಮ!"

"ಮಂಚ ಹತ್ತೋದೇ ಬೇಡ ದೊಡ್ಡಮ್ಮ," ಎಂದು ನರ್ಸ್ ಕೈಚೀಲದಿಂದ ಒಂದು ಸಣ್ಣ ಕಡ್ಡಿ ತೆಗೆದಳು. ತುದಿಯಲ್ಲಿ ಮೆತ್ತನೆಯ ಬ್ರಷ್ ಇತ್ತು. "ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕ್ಕೊಂಡು, ನೀವೇ ಇದನ್ನ ಒಳಗಿಟ್ಟು ಮೆಲ್ಲಗೆ ತಿರುಗಿಸಿ, ಈ ಕೊಳವೆಗೆ ಹಾಕಿ ಕೊಟ್ರಾಯ್ತು, ವೈರಸ್ ಇದೆಯಾ ಅಂತ ಆಸ್ಪತ್ರೇಲಿ ಪರೀಕ್ಷೆ ಮಾಡ್ತೀವಿ. ನೋವಾಗಲ್ಲ. ಯಾರೂ ನೋಡಲ್ಲ."

ಗುಬ್ಬಿ ಲೋಟ ಕೆಳಗಿಟ್ಟಳು. "ಇದು ಆಸ್ಪತ್ರೆಯ ಸಂಶೋಧನೆ ಅಂದ್ರಲ್ಲ. ಅಂದ್ರೆ ನಮ್ಮ ಮೇಲೆ ಪ್ರಯೋಗ ಮಾಡ್ತೀರಾ?"

"ಒಳ್ಳೇ ಪ್ರಶ್ನೆ ಕೇಳಿದ್ರಿ. ಪರೀಕ್ಷೆ ಹೊಸದಲ್ಲ, ಅದು ಕೆಲಸ ಮಾಡುತ್ತೆ ಅಂತ ಆಗಲೇ ಗೊತ್ತಿದೆ. ನಾವು ನೋಡ್ತಾ ಇರೋದು ಬೇರೆ. ಹೆಂಗಸರು ಇರೋ ಕಡೆಗೇ ನಾವು ಬಂದ್ರೆ ಹೆಚ್ಚು ಜನ ಮಾಡಿಸ್ಕೊಳ್ತಾರಾ? ತೊಂದರೆ ಕಂಡವರು ಚಿಕಿತ್ಸೆವರೆಗೂ ಬರ್ತಾರಾ? ನಡುವೆ ನಿಲ್ಲಿಸೋದಾದ್ರೆ ಯಾಕೆ? ನೀವು ಬೇಡ ಅನ್ನಬಹುದು. ಸೇರ್ಕೊಂಡು ಆಮೇಲೆ ಬಿಡಬಹುದು. ಬಿಟ್ರೂ ಚಿಕಿತ್ಸೆ ತಪ್ಪಲ್ಲ."

ಗುಬ್ಬಿ ಇಸ್ತ್ರಿ ಮೇಜಿನ ಕಡೆ ಕೈ ತೋರಿಸಿದಳು. "ನನ್ನಕ್ಕ ಇದೇ ಇಸ್ತ್ರಿ ಮೇಜಿನ ಮುಂದೆ ನಿಂತು ಸವೆದುಹೋದಳು. ಆಗ ಎಲ್ಲಿದ್ರಿ ನೀವು?"

ನರ್ಸ್ ತಲೆ ತಗ್ಗಿಸಿದಳು.

"ಬರಬೇಕಿತ್ತು," ಎಂದಳು. "ಬರಲಿಲ್ಲ."

ಏನಾದರೂ ಸಬೂಬು ಹೇಳಿದ್ದರೆ ಗುಬ್ಬಿ ಜಗಳವಾಡುತ್ತಿದ್ದಳೋ ಏನೋ. ಈ ಮಾತು ಕೇಳಿ ಎದ್ದು ಇಸ್ತ್ರಿ ಹಿಡಿದಳು. ಅಂದು ಕೆಲವರು ಮಾದರಿ ಕೊಟ್ಟರು. ಗುಬ್ಬಿ ಕೊಡಲಿಲ್ಲ. ನಾಡಿದ್ದು ಮತ್ತೆ ಬರುತ್ತೇನೆ ಎಂದು ಹೇಳಿ ನರ್ಸ್ ಹೊರಟಳು.

ಬೇಡ ಎನ್ನಲು ಗುಬ್ಬಿಗೆ ಇನ್ನೊಂದು ಕಾರಣವಿತ್ತು. ಮದುವೆಯಾಗಿ ಒಂಬತ್ತು ವರ್ಷವಾದರೂ ಅವಳ ಮಡಿಲು ತುಂಬಿರಲಿಲ್ಲ. "ನಿನ್ನ ಮಗೂನ ಮೊದಲು ಎತ್ಕೊಳ್ಳೋಳು ನಾನೇ, ಆಮೇಲೆ ನಿನ್ನ ಗಂಡ," ಎಂದು ಅಕ್ಕ ಹಕ್ಕು ಕಾಯ್ದಿರಿಸಿದ್ದಳು. ಪರೀಕ್ಷೆ ಮಾಡಿ, ಏನೋ ಇದೆ ಎಂದು ಗರ್ಭಕೋಶವನ್ನೇ ತೆಗೆದುಬಿಟ್ಟರೆ? ಆ ಆಸೆಯನ್ನೂ ಅಕ್ಕನ ಹಿಂದೆಯೇ ಕಳಿಸಿಕೊಡಬೇಕೇ?

ಅಂದು ಸಂಜೆ ಪುಟ್ಟಿ ಶಾಲೆಯಿಂದ ಬಂದವಳೇ ಚೀಲ ಎಸೆದು ಹೇಳಿದಳು, "ಚಿಕ್ಕಮ್ಮ, ಶಾಲೇಲಿ ಹುಡುಗೀರಿಗೆ ಲಸಿಕೆ ಹಾಕ್ತಾರಂತೆ. ಗರ್ಭಕೊರಳಿನ ಕ್ಯಾನ್ಸರ್ ಬಾರದ ಹಾಗೆ. ಮನೇಲಿ ಕೇಳ್ಕೊಂಡು ಬನ್ನಿ ಅಂದ್ರು." ಆಮೇಲೆ ಗುಬ್ಬಿಯ ಮುಖ ನೋಡದೆ ಕೇಳಿದಳು. "ಅಮ್ಮನಿಗೆ ಆಗಿದ್ದು ಇದೇನಾ?"

ಗೆಡ್ಡೆಯ ಮಾತು ಗುಬ್ಬಿಯ ನಾಲಿಗೆ ತುದಿಗೆ ಬಂತು. ಆದರೆ ಹುಡುಗಿಯ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು.

"ಹೂಂ ಮಗಾ. ಇದೇ."

"ನನಗೆ ಯಾಕೆ ಹೇಳ್ಲಿಲ್ಲ?"

"ನಿನ್ನಮ್ಮ ನನಗೂ ಹೇಳ್ಲಿಲ್ಲ ಕಣೇ. ಕೊನೆವರೆಗೂ ಹೇಳ್ಲಿಲ್ಲ."

ಇಬ್ಬರೂ ಅಡುಗೆಮನೆಯ ನೆಲದ ಮೇಲೆಯೇ ಕುಳಿತು ಅತ್ತರು. ಅಕ್ಕ ಹೋದಾಗ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಅತ್ತಿದ್ದರು, ಜೊತೆಯಾಗಿ ಅತ್ತಿರಲಿಲ್ಲ. ಅತ್ತು ಸಾಕಾದ ಮೇಲೆ ಪುಟ್ಟಿ ಮೂಗು ಒರೆಸಿಕೊಂಡು, "ನಾನು ಲಸಿಕೆ ಹಾಕಿಸ್ಕೋತೀನಿ. ದೊಡ್ಡವರು ಪರೀಕ್ಷೆ ಮಾಡಿಸ್ಕೋಬೇಕಂತೆ, ನೀನು ಮಾಡಿಸ್ಕೊಂಡಿದೀಯಾ?" ಎಂದಳು.

ನರ್ಸ್ ಮತ್ತೆ ಬಂದಾಗ ಗುಬ್ಬಿ ಕೈ ಚಾಚಿದಳು. "ಕೊಡಿ ಆ ಕಡ್ಡಿ." ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಹೇಳಿದ ಹಾಗೆ ಮಾಡಿ, ತಲೆ ಬಾಚಿಕೊಳ್ಳುವಷ್ಟು ಹೊತ್ತೂ ಆಗದೆ ಹೊರಬಂದಳು. "ಇಷ್ಟೇನಾ?" ಎಂದು ತನಗೆ ತಾನೇ ಹೇಳಿಕೊಂಡಳು. ಇಷ್ಟನ್ನೇ ಅಕ್ಕ ಮಾಡಿದ್ದಿದ್ದರೆ!

ಹೊರಗೆ ದೊಡ್ಡಮ್ಮ ನಿಂತಿದ್ದಳು. "ನಂಗೂ ಒಂದು ಕೊಡಮ್ಮ. ಇವಳು ಮಾಡ್ಕೊಂಡ ಮೇಲೆ ನಾನೇನು ಕಮ್ಮಿ?"

ಕೆಲವು ವಾರಗಳಲ್ಲಿ ಫಲಿತಾಂಶ ಬಂತು. ದೊಡ್ಡಮ್ಮನಿಗೆ ಏನೂ ಇರಲಿಲ್ಲ. ಗುಬ್ಬಿಯಲ್ಲಿ ವೈರಸ್ ಇತ್ತು.

ನರ್ಸ್ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಇದು ಕ್ಯಾನ್ಸರ್ ಅಲ್ಲ. ಸರಿಯಾಗಿ ಕೇಳಿಸ್ಕೊಳ್ಳಿ, ಕ್ಯಾನ್ಸರ್ ಅಲ್ಲ. ಡಾಕ್ಟರು ಒಮ್ಮೆ ನೋಡ್ಬೇಕು, ಅಷ್ಟೇ."

"ಎಲ್ಲಿಂದ ಬಂತು ನನಗೆ? ನನ್ನ ಗಂಡ…"

"ಯಾರ ಮೇಲೂ ಬೆರಳು ತೋರಿಸ್ಬೇಡಿ. ಇದು ಎಷ್ಟೋ ವರ್ಷ ಸದ್ದಿಲ್ಲದೆ ಮೈಯೊಳಗೆ ಇರಬಹುದು. ಯಾರಿಂದ, ಯಾವಾಗ ಅಂತ ಹೇಳೋಕಾಗಲ್ಲ."

ಗುಬ್ಬಿಯ ಗಂಡ ಅದೇ ಲಾಂಡ್ರಿಯ ವ್ಯಾನ್ ಓಡಿಸುವವನು. ಎಲ್ಲದಕ್ಕೂ ತಮಾಷೆ ಮಾಡುವ ಆಸಾಮಿ. ಅವತ್ತು ವ್ಯಾನಿನಲ್ಲಿ ಹೆಂಡತಿ ಎಲ್ಲವನ್ನೂ ಹೇಳಿದಾಗ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ.

"ಗರ್ಭಕೋಶ ತೆಗೀತೀವಿ ಅಂದ್ರೆ?" ಎಂದಳು ಗುಬ್ಬಿ.

"ತೆಗೀಲಿ."

"ಮಗು?"

"ಮಗು ಬೇಕು. ನನಗೂ ಬೇಕು, ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನೀನಿಲ್ಲದ ಮನೆಗೆ ನಾನು ಯಾಕೆ ಹೋಗ್ಲಿ ಹೇಳು? ನಾಳೆ ನಾನೇ ಬರ್ತೀನಿ ಆಸ್ಪತ್ರೆಗೆ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡಿದರು. ಗರ್ಭಕೊರಳಿನ ಮೇಲೆ ಒಂದು ಸಣ್ಣ ಬಿಳಿ ಮಚ್ಚೆ ಕಂಡಿತು. "ಹೀಗೇ ಬಿಟ್ರೆ ಮುಂದೊಂದು ದಿನ ಕ್ಯಾನ್ಸರ್ ಆಗಬಹುದು. ಬಿಸಿ ತಾಗಿಸಿ ಇಲ್ಲೇ ಸುಟ್ಟುಬಿಡೋಣ. ಗರ್ಭಕೋಶ ಎಲ್ಲಿಗೂ ಹೋಗಲ್ಲ. ಮುಂದೆ ಬಸಿರಾಗೋಕೂ ಇದರಿಂದ ಸಾಮಾನ್ಯವಾಗಿ ಅಡ್ಡಿಯಿಲ್ಲ," ಎಂದರು.

ಮುಟ್ಟಿನ ನೋವಿನಂಥ ಒಂದು ಹಿಡಿತ. ನರ್ಸಿನ ಕೈಯನ್ನು ಗುಬ್ಬಿ ಬಿಗಿಯಾಗಿ ಹಿಡಿದುಕೊಂಡಳು. ಬೆಡ್‌ಶೀಟ್ ಹಿಡಿದು ಒರಟಾದ ಅಕ್ಕನ ಬೆರಳುಗಳು ಅವಳಿಗೆ ಬೇಕಾಗಿದ್ದವು. ಅವು ಅಲ್ಲಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ, "ಮುಗೀತು, ಏಳಮ್ಮ," ಎಂದರು ಡಾಕ್ಟರಮ್ಮ. ಕೆಲವು ವಾರ ನೀರಿನಂಥ ಸ್ರಾವ ಇರುತ್ತದೆ, ಒಂದು ತಿಂಗಳು ಗಂಡಹೆಂಡತಿ ದೂರವಿರಬೇಕು, ಜ್ವರವೋ ಹೆಚ್ಚು ರಕ್ತವೋ ಬಂದರೆ ತಕ್ಷಣ ಬರಬೇಕು, ವರ್ಷದ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ಹೇಳಿ ಕಳಿಸಿದರು.

ಹೊರಡುವಾಗ ಗುಬ್ಬಿ ಕೇಳಿದಳು, "ಹೆಂಗಸರಿಗೆ ಬರೋ ಕ್ಯಾನ್ಸರ್‌ಗೆಲ್ಲ ಇಂಥದ್ದೇ ಕಡ್ಡಿ ಇದೆಯಾ?"

"ಇಲ್ಲ," ಎಂದಳು ನರ್ಸ್. "ಅಂಡಾಶಯದ ಕ್ಯಾನ್ಸರನ್ನ ಹೀಗೆ ಮೊದಲೇ ಹಿಡಿಯೋ ಪರೀಕ್ಷೆ ಇನ್ನೂ ಸಿಕ್ಕಿಲ್ಲ. ಹುಡುಕ್ತಾ ಇದಾರೆ. ಅಲ್ಲಿವರೆಗೆ ನಮ್ಮ ಮೈ ಹೇಳೋದನ್ನ ನಾವೇ ಕೇಳಿಸ್ಕೋಬೇಕು. ಹೊಟ್ಟೆ ಉಬ್ಬರ ವಾರಗಟ್ಟಲೆ ಹೋಗದೆ ಇದ್ರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದ್ರೆ, ಕಿಬ್ಬೊಟ್ಟೆ ನೋಯ್ತಾನೇ ಇದ್ರೆ, ಗ್ಯಾಸ್ ಅಂತ ಸುಮ್ಮನಿರ್ಬಾರ್ದು."

ಆ ತಿಂಗಳೇ ಪುಟ್ಟಿ ಲಸಿಕೆ ಹಾಕಿಸಿಕೊಂಡಳು. "ಇರುವೆ ಕಚ್ಚಿದ ಹಾಗಾಯ್ತು," ಎಂದು ತೋಳು ತೋರಿಸಿಕೊಂಡು ಓಡಾಡಿದಳು.

ವರ್ಷದ ಮೇಲೆ ಗುಬ್ಬಿ ಮತ್ತೆ ಪರೀಕ್ಷೆ ಮಾಡಿಸಿದಳು. ವೈರಸ್ ಹೋಗಿತ್ತು. ಆ ಸುದ್ದಿ ಕೇಳಿ ಆಸ್ಪತ್ರೆಯ ಗೇಟಿನವರೆಗೆ ಓಡಿದಂತೆಯೇ ಬಂದಳು. ಯಾರಿಗಾದರೂ ಹೇಳಬೇಕು, ಈಗಲೇ ಹೇಳಬೇಕು! ಬಾಯಿ ತೆರೆದಾಗ ಬಂದ ಮಾತು, "ಅಕ್ಕಾ." ಗೇಟಿನ ಹತ್ತಿರ ಜನ ಬರುತ್ತಿದ್ದರು, ಹೋಗುತ್ತಿದ್ದರು. ಗುಬ್ಬಿ ಕಂಬ ಹಿಡಿದು ನಿಂತಳು.

ಜೊತೆಗೆ ಬಂದಿದ್ದ ಪುಟ್ಟಿ ಹತ್ತಿರ ಬಂದು ತೋಳು ಹಿಡಿದಳು. "ಅಮ್ಮ ನೆನಪಾದ್ಲಾ?"

"ಯಾವಾಗ ನೆನಪಾಗಲ್ಲ ಹೇಳು?"

"ಹಾಗಾದ್ರೆ ಹೇಳು ಚಿಕ್ಕಮ್ಮ. ಅಮ್ಮ ನಿನಗೆ ಯಾಕೆ ಗುಬ್ಬಿ ಅಂತ ಹೆಸರಿಟ್ಲು?"

ಮನೆಯವರೆಗೂ ಗುಬ್ಬಿ ಅಕ್ಕನ ಮಾತೇ ಆಡಿದಳು. ಅಕ್ಕನ ಬೈಗುಳ, ಅಕ್ಕನ ನಗು, ಅಕ್ಕ ಮುಚ್ಚಿಟ್ಟ ನೋವು, ಯಾವುದನ್ನೂ ಬಿಡಲಿಲ್ಲ. ಮಗು ಇನ್ನೂ ಆಗಿಲ್ಲ. ಆಸೆ ಹಾಗೇ ಇದೆ. ಆಸೆಪಡಲು ಈಗ ಅವಳಿದ್ದಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಮ್ಮಂದಿರೇ, ಅಕ್ಕತಂಗಿಯರೇ, ನಿಮಗೆ ಮೂವತ್ತು ದಾಟಿದ್ದರೆ ಏನೂ ತೊಂದರೆ ಇಲ್ಲದಿದ್ದರೂ ಒಮ್ಮೆ ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಳ್ಳಿ. ಮತ್ತೆ ಯಾವಾಗ ಮಾಡಿಸಬೇಕು ಎಂದು ಅಲ್ಲೇ ಕೇಳಿಕೊಳ್ಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ಅಥವಾ ಗಂಡಹೆಂಡಿರು ಸೇರಿದ ಮೇಲೆ ರಕ್ತ ಬಂದರೆ, ವಾಸನೆಯ ಸ್ರಾವ ಹೋಗುತ್ತಿದ್ದರೆ ವಯಸ್ಸು ಎಷ್ಟೇ ಇರಲಿ, ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಗಳಿದ್ದರೆ ಲಸಿಕೆ ಹಾಕಿಸಿ. ಲಸಿಕೆ ಹಾಕಿಸಿಕೊಂಡವರೂ ದೊಡ್ಡವರಾದ ಮೇಲೆ ಪರೀಕ್ಷೆ ಮಾಡಿಸಬೇಕು. ಗಂಡಸರೇ, ಅವರ ಜೊತೆ ಆಸ್ಪತ್ರೆಗೆ ನೀವೂ ನಡೆಯಿರಿ.

ಗುಬ್ಬಿಗೆ ಅವಳ ಅಕ್ಕನನ್ನು ಇನ್ನು ಕರೆದುಕೊಂಡು ಹೋಗಲಾಗದು. ನಿಮ್ಮ ಅಕ್ಕ ಇದ್ದಾಳಲ್ಲ, ಕರೆದುಕೊಂಡು ಹೋಗಿ.