ಜಾಮ್ ಫ್ಯಾಕ್ಟರಿಯ ಗೇಟು

ಅಪ್ಪನ ಹೆಣ ಇನ್ನೂ ನಡುಮನೆಯಲ್ಲಿರುವಾಗಲೇ ಮಗ ಒಳಗೆ ವಾಚ್‌ಮನ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಮುಚ್ಚಿಹೋದ ಜಾಮ್ ಫ್ಯಾಕ್ಟರಿಯ ಗೇಟು ಕಾಯುವುದು ಅವನ ಕೆಲಸ. ಅದೇ ಫ್ಯಾಕ್ಟರಿಯಲ್ಲಿ ಜಾಮ್ ಬೇಯಿಸುತ್ತಲೇ ಅಪ್ಪನ ಕೂದಲು ನರೆತಿತ್ತು. ಎಲ್ಲರ ಬಾಯಲ್ಲೂ ಅವನು ಪಾಕದಣ್ಣ.

"ಇವತ್ತೂ ಹೋಗ್ತೀಯಾ?" ತಾಯಿ ಬಾಗಿಲಲ್ಲಿ ನಿಂತಿದ್ದಳು.

"ಮ್ಯಾನೇಜರ್ ಹೇಳಿಕಳ್ಸಿದಾರಮ್ಮ. ಅಪ್ಪನ ಪೆಟ್ಟಿಗೆ ಗೇಟಿನೊಳಗೆ ಬಂದ್ರೆ ನನ್ನ ಕೆಲಸ ಹೋಗುತ್ತಂತೆ."

ಫ್ಯಾಕ್ಟರಿಯವರಲ್ಲಿ ಒಂದು ಪದ್ಧತಿಯಿತ್ತು. ಅಲ್ಲಿ ದುಡಿದವರು ಯಾರೇ ಸತ್ತರೂ, ಮಣ್ಣಿಗೆ ಒಯ್ಯುವ ಮೊದಲು, ಅವರು ನಿಂತು ಕೆಲಸ ಮಾಡಿದ ಜಾಗದಲ್ಲಿ ಪೆಟ್ಟಿಗೆಯನ್ನು ಒಂದು ಗಳಿಗೆ ಇಳಿಸಬೇಕು. ಅಷ್ಟು ಹೊತ್ತು ಯಂತ್ರಗಳೂ ಬಾಯಿ ಮುಚ್ಚಿಕೊಂಡಿರುತ್ತಿದ್ದವು.

"ಅವರಪ್ಪನ ಮನೆ ಗಂಟೇನು ಹೋಗುತ್ತೆ?" ಎಂದಳು ಹಿಂದೆ ಫ್ಯಾಕ್ಟರಿಯಲ್ಲಿ ಬಾಟಲಿಗೆ ಲೇಬಲ್ ಅಂಟಿಸುತ್ತಿದ್ದ ಲೇಬಲಕ್ಕ. "ಬದುಕಿದ್ದಾಗ ಹೊರಗೆ ಹಾಕಿದ್ರು. ಸತ್ತಮೇಲಾದ್ರೂ ಒಳಗೆ ಬಿಡಬಾರದಾ?"

"ಈ ಮನೇಲಿ ಒಲೆ ಉರೀತಿರೋದು ನನ್ನ ಕೆಲಸದಿಂದ, ಅಕ್ಕ."

ತಾಯಿ ಗೂಟದಿಂದ ಟೋಪಿ ತೆಗೆದು ಅವನ ಕೈಗಿಟ್ಟಳು. "ಹೋಗು. ನಿಮ್ಮಪ್ಪನ್ನ ನೀನೇ ತಡೆದು ನಿಲ್ಸು."

*

ಫ್ಯಾಕ್ಟರಿ ಬಾಗಿಲು ಹಾಕಿದ ದಿನ ಮ್ಯಾನೇಜರು ಪಾಳಿಯ ಮಧ್ಯೆಯೇ ಬಂದು, ಎಲ್ಲರೂ ಮನೆಗೆ ಹೋಗಿ ಎಂದಿದ್ದರು. ಹಂಡೆಯಲ್ಲಿ ಹಣ್ಣು ಕುದಿಯುತ್ತಿತ್ತು.

"ಇನ್ನೇನು ಹದಕ್ಕೆ ಬರುತ್ತೆ ಸಾರ್. ಅರ್ಧಕ್ಕೆ ಬಿಟ್ರೆ ತಳ ಹಿಡಿಯುತ್ತೆ," ಎಂದ ಪಾಕದಣ್ಣ. ಉಳಿದವರು ಗೇಟಿನಲ್ಲಿ ಕೂಗಾಡುತ್ತಿದ್ದಾಗ ಅವನೊಬ್ಬನೇ ನಿಂತು ತಿರುವಿ, ಇಳಿಸಿ, ಮುಚ್ಚಿಟ್ಟು ಬಂದ. ಬಾಟಲಿಗೆ ತುಂಬಲು ಯಾರೂ ಇರಲಿಲ್ಲ. ಮರುದಿನ ಅಷ್ಟನ್ನೂ ಚರಂಡಿಗೆ ಸುರಿದರು. ಓಣಿಯೆಲ್ಲ ಸಿಹಿ ವಾಸನೆ.

"ಕೇಳಿದ್ರೆ ಮಕ್ಕಳಿಗಾದ್ರೂ ಹಂಚ್ತಿದ್ವಲ್ಲ," ಎನ್ನುತ್ತ ಅವನು ಆ ದಿನ ಊಟ ಬಿಟ್ಟ. ಆಮೇಲೆ ಎಲ್ಲಿ ಕೆಲಸ ಕೇಳಿದರೂ ವಯಸ್ಸಾಯ್ತಲ್ಲ ಎಂಬ ಒಂದೇ ರಾಗ. ಅಲ್ಲಿಯತನಕ ಅವನನ್ನು ಹಿಂಡಿಕೊಂಡವರ ಕಣ್ಣಿಗೆ ಆ ವಯಸ್ಸು ಬಿದ್ದೇ ಇರಲಿಲ್ಲ. ಕೂತು ಕೂತೇ ಆಳು ಸವೆದ. ಸತ್ತದ್ದು ಹೃದಯ ನಿಂತು ಎಂದರು ಡಾಕ್ಟರು. ಫ್ಯಾಕ್ಟರಿ ನಿಂತು ಎಂದರು ಓಣಿಯವರು.

*

ಪೆಟ್ಟಿಗೆ ಬಂದಾಗ ಮಗ ಗೇಟಿನ ಒಳಗೆ ಕೀಲಿ ಹಿಡಿದು ನಿಂತಿದ್ದ.

"ಅಲ್ಲೇ ಇಳಿಸಿ ಅಕ್ಕ. ಹೊರಗಿಂದಲೇ ಕೈಮುಗಿದು ಹೋಗೋಣ."

"ಭಿಕ್ಷೆ ಬೇಡೋಕೆ ಬಂದಿಲ್ಲ ನಾವು," ಎಂದಳು ಲೇಬಲಕ್ಕ.

ಯಾರೂ ಇಳಿಸಲಿಲ್ಲ. ಮುಂದುಗಡೆ, ಮಗ ಹೆಗಲು ಕೊಡಬೇಕಾದ ಜಾಗದಲ್ಲಿ ತಾಯಿ ನಿಂತಿದ್ದಳು. ಪೆಟ್ಟಿಗೆಯ ಭಾರಕ್ಕೆ ಅವಳು ಒಂದು ಕಡೆಗೆ ವಾಲಿದ್ದಳು. ಅವನ ಮುಖ ನೋಡಲಿಲ್ಲ ಅವಳು. ಮಗನಿಗೆ ಅದನ್ನು ತಡೆಯಲಾಗಲಿಲ್ಲ. ಬೀಗ ತೆಗೆದ, ಹೊರಗೆ ಬಂದ, ಅವಳ ಹೆಗಲಿನ ಭಾರವನ್ನು ತನ್ನ ಹೆಗಲಿಗೆ ತೆಗೆದುಕೊಂಡ.

ಒಳಗೆ ಹಂಡೆ ಇರಲಿಲ್ಲ. ಕಂಪನಿಯವರು ಅದನ್ನೂ ಗುಜರಿಗೆ ಹಾಕಿದ್ದರು. ನೆಲದ ಮೇಲೆ ಅದರ ದುಂಡು ಗುರುತಷ್ಟೇ ಇತ್ತು. ಅಲ್ಲೇ ಪೆಟ್ಟಿಗೆ ಇಳಿಸಿದರು.

ರಸ್ತೆಯಲ್ಲಿ ಹಾರನ್ ಕೇಳಿಸಿತು.

"ಮ್ಯಾನೇಜರ್ ಕಾರು," ಎಂದರು ಯಾರೋ.

ಮಗ ಟೋಪಿ ಸರಿಮಾಡಿಕೊಂಡು ಗೇಟಿಗೆ ನಡೆದ. ಕಾರಿನ ಮೂತಿಯೆದುರಿಗೇ ಎರಡೂ ಬಾಗಿಲು ಎಳೆದು ಮುಚ್ಚಿ, ಒಳಗಿನಿಂದ ಬೀಗ ಜಡಿದ.