ನಾಲ್ಕು ಸಲ ಬಳಿದ ಮುಖ

ನಮ್ಮ ಬಂದರೂರು ಅರಿಕಾದಲ್ಲಿ ಪಾಯ ತೋಡುವವನು ದೇವರಲ್ಲಿ ಎರಡೇ ಬೇಡಿಕೊಳ್ಳುತ್ತಾನೆ: ಬಂಡೆ ಸಿಗದಿರಲಿ, ಅಜ್ಜಂದಿರು ಸಿಗದಿರಲಿ. ಅಜ್ಜಂದಿರೆಂದರೆ ಆರೇಳು ಸಾವಿರ ವರ್ಷದ ಹಿಂದೆ ಇದೇ ಮರಳಲ್ಲಿ ಮೀನು ಹಿಡಿದು ಬದುಕಿದವರು. ಸತ್ತವರ ಮೈಯನ್ನು ಕಡ್ಡಿ, ಜೊಂಡು, ಮಣ್ಣಿನಿಂದ ಮತ್ತೆ ಕಟ್ಟಿ, ಮುಖವಾಡ ಹಾಕುತ್ತಿದ್ದರು. ಒಬ್ಬರು ಸಿಕ್ಕರೂ ಮ್ಯೂಸಿಯಂಗೆ ತಿಳಿಸಬೇಕು. ತಿಳಿಸಿದರೆ ಕಟ್ಟಡದ ಕೆಲಸ ನಿಂತಂತೆಯೇ.

ನಾನು ತೋಡುತ್ತಿದ್ದದ್ದು ಅತ್ತೆಯ ಕೋಣೆಗೆ ಪಾಯ. ಮದುವೆಯಾಗಿ ಮೂರು ವರ್ಷ. ಪರದೆಯ ಈಚೆ ನಾನು, ಹೆಂಡತಿ ನೆಲ್ಲಿ. ಆಚೆ ಅತ್ತೆ ದೊಮಿತಿಲಾ ಮತ್ತು ಅವರ ಗೊರಕೆ. ಕೋಣೆ ನನಗೆಷ್ಟು ಬೇಕಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಮೊಣಕಾಲುದ್ದ ಇಳಿದಾಗ ಗುದ್ದಲಿಗೆ ಚಾಪೆ ತಗುಲಿತು. ಒಳಗೊಂದು ಮೊಳದುದ್ದದ ಕೂಸು, ಮಣ್ಣಿನ ಮುಖ.

"ಅತ್ತೆ, ನಿಮ್ಮ ಕಡೆಯೋರು ಯಾರೋ ಬಂದಿದಾರೆ!"

"ನಮ್ಮೋರಾದ್ರೆ ನಾಲ್ಕು ಮೀನಾದ್ರೂ ತರ್ತಿದ್ರು. ಬರಿಗೈಲಿ ಬಂದಿದಾರೆ ಅಂದ್ರೆ ನಿಮ್ಮೋರೇ, ಅಳಿಯಂದ್ರೆ."

"ಮುಚ್ಚಿಬಿಡ್ತೀನಿ. ಮೇಲೆ ನೀವು, ಕೆಳಗೆ ಅದು. ನಿಮ್ಮ ಗೊರಕೆಗೆ ಎದ್ದು ಕೂತ್ರೆ ನನ್ನನ್ನ ಕೇಳ್ಬೇಡಿ."

ನೆಲ್ಲಿ ನಕ್ಕಳು. ಅತ್ತೆಯೂ ನಗುತ್ತಲೇ ಗುಂಡಿಗೆ ಬಗ್ಗಿದರು. ಬಂದರಿನಲ್ಲಿ ನಲವತ್ತು ವರ್ಷ ದೋಣಿಗಳಿಗೆ ಬಣ್ಣ ಬಳಿದವರು ಅವರು. ಮುಖವಾಡದ ಕೆನ್ನೆಯಲ್ಲಿ ಬಣ್ಣ ಒಂದಿಷ್ಟು ಎದ್ದುಹೋಗಿತ್ತು. ಆ ಅಂಚನ್ನೇ ನೋಡುತ್ತಾ ಅವರ ನಗು ನಿಂತಿತು.

"ನಾಲ್ಕು ಕೋಟು ಬಣ್ಣ. ನಡುನಡುವೆ ಧೂಳು ಕೂತಿದೆ ನೋಡಿ, ಒಂದೇ ದಿನ ಬಳಿದಿದ್ದಲ್ಲ. ಮಣ್ಣಿಗಿಡದೆ ವರ್ಷಗಟ್ಟಲೆ ಹತ್ರಾನೇ ಇಟ್ಕೊಂಡಿದಾಳೆ. ಮಾಸಿದಾಗೆಲ್ಲ ಬಳಿದಿದಾಳೆ."

"ಯಾರು?"

"ಇನ್ಯಾರು? ಹೆತ್ತೋಳು."

ನಾನು ಗುದ್ದಲಿ ಬದಿಗಿಟ್ಟೆ. ನೆಲ್ಲಿಗಿಂತ ಮೊದಲು ಅತ್ತೆಗೊಂದು ಗಂಡುಕೂಸು ಹುಟ್ಟುವಾಗಲೇ ಸತ್ತಿತ್ತು. ಆಗೆಲ್ಲ ತಾಯಿಗೆ ತೋರಿಸುತ್ತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಒಯ್ದುಬಿಡುತ್ತಿದ್ದರು. ಎಲ್ಲಿ ಹೂಳಿದರೆಂದು ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಆದರೂ ಆಸೆ ಬಿಡಬೇಕಲ್ಲ. "ಮುಚ್ಲಾ, ಅತ್ತೆ?"

"ಇದರ ಮೇಲೆ ಮಂಚ ಹಾಕೋಕೆ ನನ್ನ ಕೈಲಾಗಲ್ಲ. ಫೋನ್ ಮಾಡಿ."

"ಮತ್ತೆ ಕೋಣೆ?"

"ಕಿವಿಗೆ ಹತ್ತಿ ಇಟ್ಕೊಳ್ಳಿ."

ಮಧ್ಯಾಹ್ನ ಮ್ಯೂಸಿಯಂನ ವ್ಯಾನಿನಲ್ಲಿ ಒಬ್ಬ ಹುಡುಗಿ ಬಂದಳು. ಕೋಣೆ ಇನ್ನೆರಡು ವರ್ಷ ಏಳುವುದಿಲ್ಲವೆಂದಳು. ಕೂಸನ್ನು ಮೆತ್ತಗೆ ಪೆಟ್ಟಿಗೆಯಲ್ಲಿ ಮಲಗಿಸಿದಳು.

"ಒಂದ್ಸಲ ಎತ್ಕೊಳ್ಲಾ, ಮಗಳೇ?" ಎಂದರು ಅತ್ತೆ.

"ಹಾಗೆಲ್ಲ ಕೊಡೋ ಹಾಗಿಲ್ಲ, ಅಮ್ಮ," ಎಂದವಳು, ಅತ್ತೆಯ ಮುಖ ನೋಡಿ, ವ್ಯಾನು ತಿರುಗಿಸುವಷ್ಟು ಹೊತ್ತು ಪೆಟ್ಟಿಗೆಯನ್ನು ಅವರ ಮಡಿಲಲ್ಲಿಟ್ಟಳು.

ಡ್ರೈವರ್ ಚುರುಕಿನವನು. ಎಲ್ಲಿ ಬೇಗ ತಿರುಗಿಸಿಬಿಡುತ್ತಾನೋ ಎಂದು ನಾನೇ ಹೋಗಿ ವ್ಯಾನಿಗೆ ಅಡ್ಡ ನಿಂತೆ.