ಕೊಪ್ಪರಿಗೆ ಕಾಳಗದ ಇಬ್ಬರು ದಳವಾಯಿಗಳು

ಕಂಪ್ಲಿಯ ಮರುಳಸಿದ್ದಮ್ಮನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅವರಿಬ್ಬರಿಗೂ ಮಾತಿಲ್ಲ. ಅಪ್ಪ ತೀರಿಕೊಂಡ ಮೇಲೆ ಆಲೆಮನೆಯ ಬೆಲ್ಲದ ಕೊಪ್ಪರಿಗೆ ಯಾರಿಗೆ ಸೇರಬೇಕೆಂದು ಮನೆತನವೇ ಎರಡು ಹೋಳಾಗಿ, ಕೋಟೆಯ ಬುಡದ ಹೊಳೆದಂಡೆಯಲ್ಲಿ ಕಬ್ಬಿನ ಜಲ್ಲೆ ಹಿಡಿದು ಬಡಿದಾಡಿತ್ತು. ದೊಡ್ಡಪ್ಪನ ಹಲ್ಲು ಹೋಯಿತು, ಕೊಪ್ಪರಿಗೆ ತೂತಾಯಿತು. ಗೆದ್ದವನು ನಾನೇ ಅನ್ನುತ್ತಾನೆ ಅಣ್ಣ ಅಂದಾನಪ್ಪ. ತಮ್ಮ ದೊಡ್ಡಬಸಪ್ಪನೂ ಅದನ್ನೇ ಅನ್ನುತ್ತಾನೆ. ಒಂದು ತೂತು ಕೊಪ್ಪರಿಗೆಗೆ ಇಬ್ಬರು ವಿಜಯಶಾಲಿಗಳು, ಇಂಥ ಭಾಗ್ಯ ಯಾವ ಊರಿಗುಂಟು ಹೇಳಿ.

ಈಗ ಮರುಳಸಿದ್ದಮ್ಮನ ಮಗಳು ಹೊಳೆಮ್ಮನ ಮದುವೆ ಬಂದಿತ್ತು. ಹೊಳೆಯಾಚೆ ನಿಜಾಮ ಸೀಮೆಯ ಬೀಗರು ಕಡ್ಡಿ ಮುರಿದಂತೆ ಹೇಳಿದ್ದರು: ಸೋದರಮಾವಂದಿರಿಬ್ಬರೂ ಹುಡುಗಿಯ ಕೈಹಿಡಿದು ಹಂದರಕ್ಕೆ ಕರೆತರಬೇಕು, ಇಲ್ಲವಾದರೆ ಸಂಬಂಧವೇ ಬೇಡ. ಗೆದ್ದವನೇ ಬಲಗೈ ಹಿಡಿಯಬೇಕೆಂದು ಇಬ್ಬರದೂ ಪಟ್ಟು. ಹೊಳೆಮ್ಮನಿಗೆ ಇದ್ದದ್ದು ಒಂದೇ ಬಲಗೈ. ಮರುಳಸಿದ್ದಮ್ಮನಿಗೆ ಅನ್ನ ಸೇರದಾಯಿತು. ತೀರ್ಪು ತಾನೇ ಕೊಡುತ್ತೇನೆಂದು ಮೊದಲು ಅಣ್ಣನ ಮನೆಗೆ ಹೋಗಿ ಕುಳಿತಳು.

"ಕಾಳಗದಾಗ ನೀ ಎಲ್ಲಿದ್ದಿ ಯಣ್ಣಾ?"

"ನಟ್ಟನಡುವ," ಎಂದ ಅಂದಾನಪ್ಪ ಮೀಸೆ ತೀಡುತ್ತ. "ಎದ್ರಿಗೆ ಕ್ವಾಟಿ ಇತ್ತು. ಹೊಡೀರ್ಲೇ ಅಂದೆ. ಅಷ್ಟರಾಗ ಕ್ವಾಟಿ ಬೆನ್ನಿಗೆ ಬಂತು. ಬಿಡಬ್ಯಾಡ್ರಿ ಅನ್ನೋದ್ರಾಗ ಮತ್ತ ಎದ್ರಿಗೆ ಬಂತು. ಸಿಟ್ಟಿಗೆ ತೆಲಿ ಗಿರ್ ಅಂತಿತ್ತವ್ವ."

ಆಮೇಲೆ ತಮ್ಮನ ಮನೆ. "ಕ್ವಾಟಿ ಎಡಕ್ಕಿತ್ತು ಯಕ್ಕಾ, ಆಮ್ಯಾಲ ಬಲಕ್ಕ," ಎಂದ ದೊಡ್ಡಬಸಪ್ಪ. "ನಾಕೂ ದಿಕ್ಕಿಗೆ ತಿರುಗಿ ಹುಕುಂ ಕೊಟ್ಟೆ. ಆವೇಶಕ್ಕ ಉಂಡಿದ್ದೆಲ್ಲ ಭಡಭಡ ವಾಂತಿ ಆತು."

ತಲೆಬುಡ ತಿಳಿಯದೆ ಮರುಳಸಿದ್ದಮ್ಮ ಹೊಳೆದಂಡೆ ಹಿಡಿದು ಮನೆಗೆ ಹೊರಟಳು. ದಡದ ಗೂಟಕ್ಕೆ ಕಟ್ಟಿದ್ದ ಹರಿಗೋಲೊಂದು ಹುಟ್ಟು ಹಾಕುವವರಿಲ್ಲದೆ ಸೆಳವಿನಲ್ಲಿ ಗಿರಗಿರ ತಿರುಗುತ್ತಿತ್ತು. ಅದರೊಳಗೊಂದು ಮೇಕೆ. ಅದು ಒಮ್ಮೆ ಕೋಟೆ ನೋಡಿತು, ಒಮ್ಮೆ ನೀರು ನೋಡಿತು, ಮತ್ತೆ ಕೋಟೆ ನೋಡಿತು. ಮರುಳಸಿದ್ದಮ್ಮ ನಿಂತುಬಿಟ್ಟಳು. ಇಷ್ಟು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಅಂದರು, ಮನೆಹಾಳ ಅಂದರು. ಓಡಿಹೋದ ಹೇಡಿ ಎಂದು ಮಾತ್ರ ಒಬ್ಬನೂ ಬೈದಿರಲಿಲ್ಲ. ಅವಳಿಗೆ ಉರಿಯಿತು, ನಗುವೂ ಬಂತು.

ಸಂಜೆ ಇಬ್ಬರನ್ನೂ ಕರೆಸಿ ಒಂದೇ ಚಾಪೆಯ ಮೇಲೆ ಕೂರಿಸಿದಳು.

"ಮಂದಿ ಬಡದಾಡೋವಾಗ ಇಬ್ರೂ ಒಂದ ಹರಗೋಲಿನಾಗ ಜಿಗಿದು ಕುಂತಿದ್ರಿ. ಹುಟ್ಟು ಇರ್ಲಿಲ್ಲ. ತಿರುಗಿದ್ದು ಹರಗೋಲು, ಕ್ವಾಟಿ ಅಲ್ಲ. ಬೀಗರ ಮುಂದ ಈ ಕಥಿ ಹೇಳ್ಲೋ, ಹುಡುಗಿ ಕೈ ಹಿಡೀತೀರೋ?"

ಅಂದಾನಪ್ಪ ಜಂತಿ ಎಣಿಸತೊಡಗಿದ. ದೊಡ್ಡಬಸಪ್ಪ ಕಾಲಿನ ಹೆಬ್ಬೆರಳು ನೋಡಿಕೊಂಡು, "ಬಲಗೈ ಅಣ್ಣಗ ಇರ್ಲಿ ಬಿಡಕ್ಕಾ," ಎಂದ.

ಮದುವೆಗೆ ಹೊಳೆ ದಾಟುವ ದಿನ ಹೊಳೆಮ್ಮ ಹರಿಗೋಲಿನಲ್ಲಿ ಕುಳಿತಾಗಿತ್ತು. ದೊಡ್ಡಬಸಪ್ಪನೂ ಹತ್ತಿದ. ಅಂದಾನಪ್ಪ ಒಂದು ಕಾಲು ಒಳಗಿಟ್ಟವನು ಹಾಗೇ ನಿಂತ. ಆಮೇಲೆ, ಎಷ್ಟೋ ವರ್ಷಗಳ ಮೇಲೆ ತಮ್ಮನಿಗೆ ಮೊದಲ ಮಾತು ಆಡಿದ.

"ಲೇ ಬಸ್ಯಾ, ಮದ್ಲು ಹುಟ್ಟು ಐತೇನು ನೋಡೋ."